ಉತ್ತರನ ಪೌರುಷ ಬೆನ್ನುಡಿಯ ಮುಂದೆ

ನಗೆಯ ಫ್ಯಾಂಟಸಿ ಕಾದಂಬರಿ ಕೈಕೊಡುವ ಲಕ್ಷಣಗಳು ಜ್ವರದಷ್ಟೇ ಸ್ಪಷ್ಟ. ಮೂರನೇ ಪುಟದಲ್ಲಿ ಓದುಗ ಗಹಗಹಿಸಿ, ಅಡುಗೆಮನೆಯಲ್ಲಿದ್ದವರಿಗೂ ಒಂದು ಸಾಲು ಓದಿ ಹೇಳುತ್ತಾನೆ; ಅವರು ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಕೇಳುತ್ತಾರೆ. ಮೂವತ್ತರಲ್ಲಿ ಮುಗುಳ್ನಗೆ. ಅರವತ್ತರಲ್ಲಿ ಉಳಿದ ಪುಟಗಳ ದಪ್ಪವನ್ನು ಹೆಬ್ಬೆರಳಲ್ಲಿ ಅಳೆಯುವುದು. ತೊಂಬತ್ತಕ್ಕೆ ಗುರುತಿಗಿಟ್ಟ ಬಸ್ ಟಿಕೆಟ್ಟು ಕದಲುವುದನ್ನೇ ಬಿಡುತ್ತದೆ. ಮಂತ್ರದ ಕತ್ತಿ ಹುಡುಕಲು ಹೊರಟ ಐವರೂ ಅದೇ ಕಾಡಲ್ಲಿ ಸೊಳ್ಳೆ ಹೊಡೆಯುತ್ತ ಕೂತಿರುತ್ತಾರೆ.

ಈ ಅಪಘಾತಕ್ಕೆ ಹೆಸರಾದ ತಿರುವು ಇಂಗ್ಲಿಷ್ ಲೇಖಕ ಟೆರ್ರಿ ಪ್ರಾಚೆಟ್ಟರ ನಗೆ-ಫ್ಯಾಂಟಸಿ ಮಾಲೆ ‘ಡಿಸ್ಕ್‌ವರ್ಲ್ಡ್’. 1983ರಿಂದ 2015ರವರೆಗೆ 41 ಕಾದಂಬರಿಗಳು. ಮಗ್ಗಿಯನ್ನು ಒಂದರಿಂದಲೇ ಕಲಿತ ಜನ ಇದನ್ನೂ ಒಂದರಿಂದಲೇ ಹಿಡಿಯುತ್ತಾರೆ: ‘ದಿ ಕಲರ್ ಆಫ್ ಮ್ಯಾಜಿಕ್’. ಕಾಲು ಜಾರುವುದು ಅಲ್ಲೇ. ಅದು ಒಂದು ಕಾದಂಬರಿ ಅನ್ನುವುದಕ್ಕಿಂತ ನಾಲ್ಕು ಕತೆಗಳ ಹೊಲಿಗೆ. ಅಣಕಿಸುವುದು ಫ್ರಿಟ್ಜ್ ಲೀಬರ್, ಆ್ಯನ್ ಮೆಕ್‌ಕ್ಯಾಫ್ರಿ, ಲವ್‌ಕ್ರಾಫ್ಟರಂಥ ಹಿಂದಿನ ಫ್ಯಾಂಟಸಿ ಲೇಖಕರ ಬರಹಗಳನ್ನು. ಮೂಲ ಓದಿರದವರಿಗೆ, ಮುಖವನ್ನೇ ನೋಡಿರದ ರಾಜಕಾರಣಿಯ ಮಿಮಿಕ್ರಿ ನೋಡಿದ ಹಾಗೆ. ಪಕ್ಕದವರು ನಕ್ಕಾಗ ನಗಬೇಕು. ಇನ್ನು ‘ಇನ್ಶೂರೆನ್ಸ್’ ಎಂಬ ಪದ ಹೆಂಡದಂಗಡಿಯವನ ಕಿವಿಯಲ್ಲಿ ‘ಇನ್-ಸೂವರ್-ಆಂಟ್ಸ್’ ಆಗುತ್ತದೆ, ಅಂದರೆ ಚರಂಡಿ, ಇರುವೆ ಇತ್ಯಾದಿ. ಹೀಗೆ ಬಿಡಿಸಿ ಹೇಳುವ ಹೊತ್ತಿಗೆ ನಗೆ ತಣ್ಣಗಾದ ಉಪ್ಪಿಟ್ಟು. ಕೊನೆಗೆ ನಾಯಕ ತಟ್ಟೆಯಂತೆ ಚಪ್ಪಟೆಯಾದ ಆ ಲೋಕದ ಅಂಚಿನಿಂದಲೇ ಕೆಳಗೆ ಬೀಳುತ್ತಾನೆ, ಪುಸ್ತಕ ಮುಗಿಯುತ್ತದೆ. ಅವನೇನಾದ ಎಂದು ತಿಳಿಯಲು ಆಗಿನವರು 1986ರವರೆಗೆ ಕಾದರು. ಈಗಿನವರು ಕಾಯಬೇಕಿಲ್ಲ, ಇನ್ನೊಮ್ಮೆ ದುಡ್ಡು ಕೊಟ್ಟರಾಯಿತು.

ಅದೇ ಲೇಖಕರ 1989ರ ‘ಗಾರ್ಡ್ಸ್! ಗಾರ್ಡ್ಸ್!’ ಹಿಡಿದರೆ ಕತೆಯೇ ಬೇರೆ. ಅಲ್ಲಿ ಡ್ರ್ಯಾಗನ್ ನಿಜವಾಗಿಯೂ ಊರು ಸುಡುತ್ತದೆ. ಹತ್ತು ಲಕ್ಷಕ್ಕೆ ಒಂದೇ ಇರುವ ಅವಕಾಶ ಕತೆಗಳಲ್ಲಿ ಖಂಡಿತ ಫಲಿಸುತ್ತದೆಂದು ನಂಬಿದ ಕಾವಲುಗಾರರು, ತಮ್ಮ ಅವಕಾಶವನ್ನೂ ಕರಾರುವಾಕ್ಕಾಗಿ ಅಷ್ಟಕ್ಕೇ ಇಳಿಸಲು ಬಿಲ್ಲುಗಾರನ ಮುಖಕ್ಕೆ ಮಸಿ ಬಳಿದು, ನಾಲಿಗೆ ಹೊರಹಾಕಿಸಿ, ಒಂಟಿಗಾಲಲ್ಲಿ ನಿಲ್ಲಿಸುತ್ತಾರೆ. ಬಾಣ ತಪ್ಪುತ್ತದೆ. ಇಲ್ಲಿ ನಗು ಉಕ್ಕುವುದು, ತಪ್ಪಿದರೆ ಸುಟ್ಟು ಕರಕಲಾಗುತ್ತಾರೆ ಅನ್ನುವ ಭಯ ನಮಗೂ ಇರುವುದರಿಂದ.

ಗುಟ್ಟು ಇಷ್ಟೇ, ಮತ್ತು ನಮಗಿದು ಹೊಸತಲ್ಲ. ವಿರಾಟಪರ್ವದ ಉತ್ತರಕುಮಾರ ಹೆಂಗಸರ ಮುಂದೆ ಕೊಚ್ಚಿಕೊಂಡು, ಕೌರವಸೇನೆ ಕಂಡೊಡನೆ ರಥದಿಂದ ಹಾರಿ ಓಡುತ್ತಾನೆ. ಜಡೆ ಹಾರಿಸುತ್ತ ಬೃಹನ್ನಳೆ ಅವನ ಹಿಂದೆ. ಆದರೆ ಕಳುವಾದ ದನ ನಿಜ, ಎದುರಿಗೆ ನಿಂತ ಭೀಷ್ಮ ನಿಜ. ಭೀಷ್ಮನೂ ಜೋಕು ಹೊಡೆಯಲು ಶುರುಮಾಡಿದ್ದರೆ ಉತ್ತರ ಓಡುವ ಪ್ರಮೇಯವೇ ಇರುತ್ತಿರಲಿಲ್ಲ. ಕೆಟ್ಟ ನಗೆಕಾದಂಬರಿಯಲ್ಲಿ ಆಗುವುದು ಇದೇ: ರಾಕ್ಷಸನೂ ವಿದೂಷಕ, ಮಂತ್ರವಾದಿಯೂ ವಿದೂಷಕ, ಸೇತುವೆ ಕಾಯುವ ಭೂತ ತೆರಿಗೆ ಚೀಟಿ ಕೇಳುತ್ತದೆ.

ಅಂಗಡಿಯಲ್ಲೇ ಪರೀಕ್ಷಿಸಬಹುದು. ಮೊದಲ ಪುಟ ಬೇಡ, ಅದನ್ನು ಎಲ್ಲರೂ ಹತ್ತು ಸಲ ತಿದ್ದಿರುತ್ತಾರೆ. ನಡುವಿನದೊಂದು ಪುಟ ತೆರೆದು ನಗೆಸಾಲುಗಳನ್ನು ಬೆರಳಲ್ಲಿ ಮುಚ್ಚಿ ಓದಿ. ಉಳಿದದ್ದರಲ್ಲಿ ಯಾರಿಗಾದರೂ ಏನಾದರೂ ಬೇಕಾಗಿದೆಯೇ, ಸಿಗದಿದ್ದರೆ ನಷ್ಟವಿದೆಯೇ? ಬೆರಳೇ ಸಾಲದೆ ಬಂದರೆ ಪುಸ್ತಕ ವಾಪಸ್ಸಿಡಿ. ಅಡಿಟಿಪ್ಪಣಿಗಳು ತುಂಬಿದ್ದರೆ ಫೋನಿಗಿಂತ ಕಾಗದದ ಪ್ರತಿಯೇ ಲೇಸು. ಫೋನಲ್ಲಿ ಆ ಸಣ್ಣ ನಕ್ಷತ್ರ ಒತ್ತಲು ಹೋಗಿ ಪುಟ ತಿರುಗುತ್ತದೆ, ಹಿಂದೆ ಬರುವಷ್ಟರಲ್ಲಿ ಯಾವ ಮಾತಿಗೆ ನಗಬೇಕಿತ್ತು ಅನ್ನುವುದೇ ಮರೆತಿರುತ್ತದೆ.

ಬೆನ್ನುಡಿಯನ್ನಂತೂ ನಂಬಬೇಡಿ. ಅದನ್ನು ಬರೆಯುವವನು ವಿರಾಟರಾಯ, ಗೆದ್ದದ್ದು ತನ್ನ ಮಗನೇ ಎಂದು ಊರಿಗೆಲ್ಲ ಸಾರಿದವನು. ಪುಸ್ತಕ ಕೊಟ್ಟ ಸ್ನೇಹಿತರೂ ಬಹುಪಾಲು ಅದೇ ವಂಶ. “ಹೇಗಿತ್ತು?” ಎಂದಾಗ, ಬೃಹನ್ನಳೆ ಸಾರಥಿಯಾಗಿದ್ದರೆ ಗೆಲ್ಲದವರುಂಟೇ ಎಂದ ಕಂಕಭಟ್ಟರಂತೆ ಸತ್ಯ ನುಡಿಯುವುದಾದರೆ, ಮೊದಲು ಮೂಗು ಮುಚ್ಚಿಕೊಳ್ಳಿ. ದಾಳ ನೇರ ಅಲ್ಲಿಗೇ ಬರುತ್ತದೆ.