ಭಾನುವಾರ ನಾವು ಒಬ್ಬರ ಪಾದ ಒಬ್ಬರು ನೋಡುತ್ತೇವೆ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷಿನ್. ಭಾನುವಾರ ಬೆಳಿಗ್ಗೆ ವಾಕಿಂಗ್ ಮುಗಿಸಿ ಐದು ಜನ ಹೆಂಗಸರು ನಮ್ಮ ಮನೆ ಕಟ್ಟೆ ಮೇಲೆ ಕೂರುತ್ತೇವೆ. ಚಪ್ಪಲಿ ಬಿಟ್ಟು ಕಾಲು ಚಾಚುತ್ತೇವೆ. ಒಬ್ಬರ ಅಂಗಾಲನ್ನು ಇನ್ನೊಬ್ಬರು ನೋಡುತ್ತೇವೆ. ಬೆರಳಿನ ಸಂದು, ಹಿಮ್ಮಡಿಯ ಬಿರುಕು, ಉಗುರಿನ ಮೂಲೆ, ಎಲ್ಲ. ಐದೂ ಜನರಿಗೆ ಶುಗರ್ ಇದೆ. ದಾರಿಯಲ್ಲಿ ಹೋಗುವವರು ಒಂದು ಥರಾ ನೋಡುತ್ತಾರೆ. ನೋಡಲಿ. ಇದನ್ನು ಯಾಕೆ ಮಾಡುತ್ತೇವೆ ಅಂತ ಇವತ್ತು ಬರೆಯಲೇಬೇಕು ಅನ್ನಿಸಿತು.

ನನಗೆ ಶುಗರ್ ಬಂದು ಒಂಬತ್ತು ವರ್ಷ. ಇನ್ಸುಲಿನ್ ಶುರುವಾಗಿ ಮೂರು ವರ್ಷ. ಮೊದಲ ಆರು ವರ್ಷ ಮನೆಯವರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮಗಳ ಮದುವೆ ಮಾತು ನಡೆದಿತ್ತು. "ತಾಯಿಗೆ ಶುಗರ್ ಐತಿ ಅಂದ್ರ ನಾಳೆ ಮಗಳಿಗೂ ಬರ್ತೈತಿ ಅಂತಾರ, ಸುಮ್ನಿರು" ಅಂದಿದ್ದರು ನಮ್ಮತ್ತೆ. ಮಾತ್ರೆಗಳನ್ನು ಗುಂಡಿ ಡಬ್ಬಿಯಲ್ಲಿ ಇಡುತ್ತಿದ್ದೆ, ಬ್ಲೌಸಿನ ಹುಕ್ಕುಗಳ ಕೆಳಗೆ. ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನರಿಗೆ ಶುಗರ್ ಇದೆ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನ 2023ರಲ್ಲಿ ಹೇಳಿತು. ನಮ್ಮ ಓಣಿಯಲ್ಲೇ ಎಷ್ಟು ಡಬ್ಬಿಗಳಲ್ಲಿ ಹೀಗೆ ಮಾತ್ರೆ ಬಚ್ಚಿಟ್ಟಿದ್ದಾರೋ ಅಂತ ಅದನ್ನು ಓದಿದಾಗ ಸಂಕಟವಾಯಿತು.

ಇನ್ಸುಲಿನ್ ಶುರುವಾದ ಹೊಸದರಲ್ಲಿ ಒಂದು ಮದುವೆಗೆ ಹೋಗಿದ್ದೆ. ಬೆಳಿಗ್ಗೆ ಸೂಜಿ ಹಾಕಿಕೊಂಡು, ಹೇಗೂ ಮದುವೆ ಊಟ ಇದೆಯಲ್ಲ ಅಂತ ಎರಡು ತುತ್ತು ಉಪ್ಪಿಟ್ಟು ತಿಂದು ಹೊರಟೆ. 12.30ಕ್ಕೆ ಬೀಳಬೇಕಿದ್ದ ಅಕ್ಷತೆ ಬಿದ್ದಾಗ 2 ಗಂಟೆ. ಇನ್ಸುಲಿನ್ ಒಳಗೆ ಹೋಗಿತ್ತು, ಊಟ ಇಲ್ಲ, ಶುಗರ್ ತೀರಾ ಇಳಿದುಬಿಟ್ಟಿತ್ತು. ಕೈ ನಡುಗೋಕೆ ಶುರುವಾಯಿತು. ಕುತ್ತಿಗೆ ಹಿಂದೆ ಬೆವರು. ಎದುರಿಗಿದ್ದವರ ಮಾತು ದೂರದಿಂದ ಬಂದ ಹಾಗೆ. ಆಗಲೂ ನಾನು ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸೊಬ್ಬರು ನನ್ನ ಕೈ ಹಿಡಿದು ನೋಡಿದರು. "ಅಕ್ಕಾರ, ನಿಮಗ ಶುಗರ್ ಐತೇನ್ರಿ?" ಅಂದರು. ತಲೆ ಅಲ್ಲಾಡಿಸಿದೆ. ತಮ್ಮ ಚೀಲದಿಂದ ಸಕ್ಕರೆ ಪುಡಿಕೆ ತೆಗೆದು, ಮೂರು ಚಮಚದಷ್ಟು ನೀರಿಗೆ ಹಾಕಿ ಕುಡಿಸಿದರು. ಹದಿನೈದು ನಿಮಿಷ ನನ್ನ ಕೈ ಬಿಡದೆ ಕೂತರು. ಆಮೇಲೆ ಎಬ್ಬಿಸಿಕೊಂಡು ಹೋಗಿ ಊಟಕ್ಕೆ ಕೂರಿಸಿದರು. (ಎಚ್ಚರ ಇದ್ದವರಿಗೆ ಮಾತ್ರ ಹೀಗೆ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೆ ಒಯ್ಯಬೇಕು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.)

ಅವರು ನಮ್ಮ ಪಕ್ಕದ ಸೆಕ್ಟರಿನಲ್ಲೇ ಕಿರಾಣಿ ಅಂಗಡಿ ಇಟ್ಟಿರುವ ಕಾಕು. ಮರುದಿನದಿಂದ ನಾವಿಬ್ಬರೂ ಕೂಡಿ ವಾಕಿಂಗ್ ಶುರು ಮಾಡಿದೆವು. ಆಮೇಲೆ ಒಬ್ಬ ಟೀಚರ್ ಬಂದರು, ನನ್ನ ಹತ್ತಿರ ಬ್ಲೌಸ್ ಹೊಲಿಸುವ ವೈನಿ ಬಂದರು, ಎದುರು ಮನೆಯ ಅಜ್ಜಿ ಬಂದರು.

ಶುಗರ್ ಇದ್ದವರಿಗೆ ಉಪದೇಶಕ್ಕೆ ಯಾವತ್ತೂ ಬರ ಇಲ್ಲ. ಹಾಗಲಕಾಯಿ ರಸ ಕುಡಿ, ನೇರಳೆ ಬೀಜದ ಪುಡಿ ತಿನ್ನು, ಸಕ್ಕರೆ ಬಿಟ್ಟು ಬೆಲ್ಲ ಹಾಕು. ನನ್ನ ತವರು ಮಹಾಲಿಂಗಪುರ, ಬೆಲ್ಲದ ಊರು. ಬೆಲ್ಲ ಅಂದರೆ ನನಗೆ ಜೀವ. ಆದರೆ ಬೆಲ್ಲ, ಸಕ್ಕರೆ ಎರಡೂ ಅದೇ ಕಬ್ಬಿನ ಹಾಲಿನಿಂದ ಬರುತ್ತವೆ, ರಕ್ತಕ್ಕೆ ಹೋದ ಮೇಲೆ ಎರಡೂ ಒಂದೇ. ಇದನ್ನು ನನಗೆ ಮನದಟ್ಟು ಮಾಡಿದ್ದು ಕಾಕು. ಬೆಲ್ಲದ ಚಹಾ ಕುಡಿದು ಎರಡು ಗಂಟೆ ಬಿಟ್ಟು ಮೀಟರಿನಲ್ಲಿ ನೋಡು ಅಂದರು. ನೋಡಿದೆ. ಆವತ್ತೇ ಬಿಟ್ಟೆ. ಜೋಳದ ರೊಟ್ಟಿಯೂ ಹಾಗೇ. ರೊಟ್ಟಿ ಉಣ್ಣುವವರಿಗೆ ಶುಗರ್ ಏರುವುದಿಲ್ಲ ಅಂತ ನಾವು ನಂಬಿಬಿಟ್ಟಿದ್ದೇವೆ, ಎಷ್ಟು ರೊಟ್ಟಿ ಅಂತ ಎಣಿಸುವುದೇ ಇಲ್ಲ. ಈಗ ನಾನು ಎರಡು ರೊಟ್ಟಿ ತೆಗೆದುಕೊಳ್ಳುತ್ತೇನೆ. ಮಡಕೆ ಕಾಳಿನ ಪಲ್ಲೆ ಜಾಸ್ತಿ, ಜೊತೆಗೆ ಹಸಿ ಮೂಲಂಗಿ, ಸೌತೆಕಾಯಿ.

ಸೂಜಿಯ ವಿಷಯವೂ ಅಷ್ಟೇ. ದಿನವಿಡೀ ಬೆರಳ ತುದಿಯಲ್ಲಿ ಕೆಲಸ ಮಾಡುವವಳು ನಾನು. ಶುಗರ್ ನೋಡಲು ತುದಿಗೇ ಚುಚ್ಚಿಕೊಂಡು, ಆಮೇಲೆ ಹುಕ್ಕು ಹಚ್ಚುವಾಗ ನೋವು ತಿನ್ನುತ್ತಿದ್ದೆ. ಬೆರಳಿನ ಮಗ್ಗುಲಿಗೆ ಚುಚ್ಚಿದರೆ ನೋವು ಕಡಿಮೆ ಅಂತ ತೋರಿಸಿದ್ದು ಟೀಚರ್. ಎಂಥ ಸಣ್ಣ ಮಾತು! ಅಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ.

ಒಂದು ಸಲ ಕಾಕು ಅವರ ಶುಗರ್ ವಾರಗಟ್ಟಲೆ ಇಳಿಯಲೇ ಇಲ್ಲ. ಊಟದಲ್ಲಿ ತಪ್ಪಿಲ್ಲ, ಇನ್ಸುಲಿನ್ ತಪ್ಪಿಸಿಲ್ಲ. ಅವರ ಮನೆಗೆ ಹೋದಾಗ ಸಿರಿಂಜ್ ನೋಡಿದೆ. ಕ್ಯಾಪ್ ಕಿತ್ತಳೆ ಬಣ್ಣದ್ದು. ನಾನು ಬಳಸುವುದು ಕೆಂಪು ಕ್ಯಾಪಿನದು. ದಾರದ ಬಣ್ಣ ನೋಡಿ ನೋಡಿ ರೂಢಿಯಾದ ಕಣ್ಣು, ತಟ್ಟನೆ ಗೊತ್ತಾಯಿತು. ಅವರ ಬಾಟ್ಲಿ 40ರದು, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್ ಇನ್ಸುಲಿನ್ ಇರುವಂಥದ್ದು. ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜೇ ಬೇಕು. ಮಗ ತಂದುಕೊಟ್ಟಿದ್ದು 100ರ ಸಿರಿಂಜ್, ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್ನಿಗೆ ಗೆರೆ ಹಾಕಿದ್ದು. ಅದರಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ಉಲ್ಟಾ ಆದರೆ, ಅಂದರೆ 100ರ ಇನ್ಸುಲಿನ್ 40ರ ಸಿರಿಂಜಿನಲ್ಲಿ ಹೋದರೆ, ಎರಡೂವರೆ ಪಟ್ಟು ಜಾಸ್ತಿ ಆಗುತ್ತದೆ. ಜೀವಕ್ಕೇ ಅಪಾಯ. ದಯವಿಟ್ಟು ಇವತ್ತೇ ನಿಮ್ಮ ಮನೆಯ ಬಾಟ್ಲಿ, ಸಿರಿಂಜ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಅಜ್ಜಿ ಮನೆಯಲ್ಲಿ ಫ್ರಿಡ್ಜ್ ಇಲ್ಲ. ಅವರ ಹೊಸ ಬಾಟ್ಲಿಗಳು ನಮ್ಮ ಫ್ರಿಡ್ಜಿನ ಬಾಗಿಲಲ್ಲಿ ಇರುತ್ತವೆ. ಬಳಸುತ್ತಿರುವ ಬಾಟ್ಲಿ ಅವರ ಮನೆಯಲ್ಲೇ, ಒದ್ದೆ ಮರಳು ತುಂಬಿದ ದೊಡ್ಡ ಗಡಿಗೆಯೊಳಗೆ ಕೂರಿಸಿದ ಸಣ್ಣ ಗಡಿಗೆಯಲ್ಲಿ. ನಮ್ಮ ಬೇಸಿಗೆ 40 ಡಿಗ್ರಿ ಮುಟ್ಟುತ್ತದಲ್ವಾ, ಗೂಡಿನಲ್ಲಿ ಇಟ್ಟರೆ ಕೆಟ್ಟೇ ಹೋಗುತ್ತದೆ.

ಈಗ ಪಾದದ ಮಾತು. ಶುಗರ್ ಬಹಳ ವರ್ಷ ಜಾಸ್ತಿ ಇದ್ದರೆ ಕಾಲಿನ ನರಗಳು ಮಂದವಾಗುತ್ತವೆ. ಗಾಯ ಆದರೂ ನೋವು ಗೊತ್ತಾಗುವುದಿಲ್ಲ, ಆದ ಗಾಯ ಬೇಗ ಮಾಯುವುದೂ ಇಲ್ಲ. ದಿನಾ ಪಾದ ನೋಡಿಕೊಳ್ಳಿ ಅಂತ ಡಾಕ್ಟರ್ ಹೇಳುತ್ತಾರೆ. ಮೊಣಕಾಲು ಹಿಡಿದುಕೊಂಡ ಅರವತ್ತೆಂಟರ ಅಜ್ಜಿ ತನ್ನ ಅಂಗಾಲನ್ನು ಹೇಗೆ ನೋಡಿಕೊಳ್ಳಬೇಕು? ಕಣ್ಣಿಗೆ ಪೊರೆ ಬೇರೆ. ಮನೆಯವರು ಮಾತ್ರೆ ತಂದುಕೊಡುತ್ತಾರೆ, ಪಥ್ಯ ಕಾಯುತ್ತಾರೆ. ಪಾದ ಎತ್ತಿ ನೋಡುವವರು ಯಾರು?

ನಾನೇ ನೋಡುತ್ತೇನೆ ಅಂದೆ ಒಂದು ಭಾನುವಾರ. ಅಜ್ಜಿ ಸುಮ್ಮನೆ ಕಾಲು ಕೊಟ್ಟರು. ತೊಂದರೆ ಬಂದದ್ದು ಅಜ್ಜಿ ತಿರುಗಿ ಟೀಚರ್ ಕಾಲಿಗೆ ಕೈ ಹಾಕಿದಾಗ. ಟೀಚರಿಗೆ ಇನ್ನೂ ಮೂವತ್ತೆಂಟು. "ಬ್ಯಾಡ್ರಿ ಆಯಿ, ಹಿರಿಯರು ನನ್ನ ಕಾಲು ಮುಟ್ಟಿದ್ರ ನನಗ ಪಾಪ ಬರ್ತದ" ಅಂತ ಎಳೆದುಕೊಂಡರು. ಅಜ್ಜಿ ಬಿಡಲಿಲ್ಲ. "ಹೆತ್ತ ಮಕ್ಕಳ ಕಾಲು ತೊಳೆದಿಲ್ಲೇನವ್ವಾ ನಾ? ತಾ ಇಲ್ಲಿ" ಅಂದು ತೊಡೆ ಮೇಲೆ ಇಟ್ಟುಕೊಂಡರು. ಕಣ್ಣು ಮಂಜು, ಆದರೂ ಬೆರಳಿನಿಂದ ಸವರಿ ಸವರಿ ನೋಡಿದರು. ಟೀಚರ್ ಅತ್ತುಬಿಟ್ಟರು. ನಾವೂ ಸುಮ್ಮನಾದೆವು.

ಹೋದ ಸುಗ್ಗಿಯಲ್ಲಿ ಅಜ್ಜಿ ಜೋಳದ ರಾಶಿಗೆ ಅಂತ ಹೊಲಕ್ಕೆ ಹೋಗಿ ಬಂದಿದ್ದರು. ಭಾನುವಾರ ಅವರ ಬಲಗಾಲು ಎತ್ತಿದಾಗ ಹೆಬ್ಬೆರಳಿನ ಕೆಳಗೆ ಕಪ್ಪು ಚುಕ್ಕೆ, ಸುತ್ತ ಕೆಂಪು. ಮುಟ್ಟಿದರೆ ಬಿಸಿ. ಜಾಲಿ ಮುಳ್ಳು ಪೂರ್ತಿ ಒಳಗಿತ್ತು. "ನೋಯ್ತೈತೇನ್ ಆಯಿ?" ಅಂದರೆ "ಏನೂ ಇಲ್ಲವಾ" ಅಂದರು. ಅದನ್ನು ಹೊತ್ತು ನಾಲ್ಕು ದಿನ ನಡೆದಿದ್ದರು! ನನ್ನ ಕೈಯಳತೆಯಲ್ಲೇ ಟಾಚಣಿ ಡಬ್ಬಿ ಇತ್ತು. ಚಿಕ್ಕಂದಿನಿಂದ ಎಷ್ಟು ಮುಳ್ಳು ತೆಗೆದಿಲ್ಲ ನಾವು? ಕಾಕು ನನ್ನ ಕೈ ತಡೆದರು. ಶುಗರ್ ಕಾಲನ್ನು ಮನೆಯಲ್ಲಿ ಕೆದಕಬಾರದು. ಆಟೋದಲ್ಲಿ ಕರೆದುಕೊಂಡು ಹೋದೆವು. ಡಾಕ್ಟರ್ ಕೊಯ್ದು ಮುಳ್ಳು ತೆಗೆದರು, ಒಳಗೆ ಕೀವು ಇತ್ತು. ಮೂರು ವಾರ ಡ್ರೆಸ್ಸಿಂಗ್. ಸರದಿ ಹಾಕಿಕೊಂಡು ನಾವೇ ಕರೆದುಕೊಂಡು ಹೋಗಿ ಬಂದೆವು. ಕಾಲು ಉಳಿಯಿತು.

ಅಜ್ಜಿ ಯುಗಾದಿ ಮುಂದೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಿದ್ದವರು, ಅದೂ ಬರಿಗಾಲಲ್ಲಿ. ಮಲ್ಲಯ್ಯನ ಹೆಸರು ಎತ್ತಿದರೆ ಅವರ ಮುಖವೇ ಬೇರೆ ಆಗುತ್ತದೆ. ಅವರ ಭಕ್ತಿಗೆ ಅಡ್ಡ ಬರಲು ನನಗೆ ಮನಸ್ಸಿಲ್ಲ. ಆದರೆ ಬೇಸಿಗೆಯ ಗುಡಿ ಅಂಗಳದ ಕಲ್ಲು ಸುಟ್ಟರೂ ಆ ಪಾದಕ್ಕೆ ತಿಳಿಯುವುದಿಲ್ಲ. ಈ ಸಲ ಬಸ್ಸಿನಲ್ಲಿ ಹೋಗಲು ಒಪ್ಪಿಸಿದೆವು. ಒಳಗೆ ಚಪ್ಪಲಿ ಹಾಕುವಂತಿಲ್ಲವಲ್ಲ, ಅದಕ್ಕೆ ನಾನು ಕಾಟನ್ ಬಟ್ಟೆ ಎರಡು ಪದರು ಕೊಟ್ಟು ಕಾಲುಚೀಲ ಹೊಲಿದೆ. ಹೊಲಿಗೆಯ ಅಂಚು ಒಳಗಿದ್ದರೆ ಬೆರಳಿಗೆ ಉಜ್ಜುತ್ತದೆ, ಹಾಗಾಗಿ ಅಂಚೆಲ್ಲ ಹೊರಗೆ. ಬಟ್ಟೆ ಅಚ್ಚ ಬಿಳಿ, ರಕ್ತ ಕೀವು ಏನೇ ಹತ್ತಿದರೂ ಕೂಡಲೇ ಕಾಣಲಿ ಅಂತ. ಕೊಡುವಾಗ "ಇದನ್ನ ಹಾಕ್ಕೊಂಡು ಒಳಗ ಹೋದ್ರ ಮಲ್ಲಯ್ಯ ಏನೂ ಅನ್ನೂದಿಲ್ಲಲ್ಲ?" ಅಂತ ಕೇಳಿದರು. ಇಲ್ಲ ಅಂದೆ.

ದರ್ಶನ ಮಾಡಿಕೊಂಡು ಬಂದ ಭಾನುವಾರ ಅಜ್ಜಿಯೇ ಮೊದಲು ಬಂದು ಕಟ್ಟೆ ಮೇಲೆ ಕೂತಿದ್ದರು, ಕಾಲು ಚಾಚಿಕೊಂಡು. ಅಡಿಯಲ್ಲಿ ಬರೀ ಧೂಳು ಹತ್ತಿತ್ತು.