ಬ್ರೇಕ್ ಪ್ಯಾಡ್‌ನಲ್ಲಿ ಉಳಿತಾಯ ಬೇಡ

ನಮ್ಮ ಚಿಕ್ಕಬಳ್ಳಾಪುರದಲ್ಲಿ ಯಾವ ಗ್ಯಾರೇಜಿಗೆ ಹೋದರೂ ಕಿವಿಗೆ ಬೀಳುವ ಮಾತು ಒಂದೇ. ‘ಕಂಪನಿದು ಎಷ್ಟು? ಲೋಕಲ್ ಎಷ್ಟು?’ ಕೇಳೋದು ತಪ್ಪಲ್ಲ. ದುಡ್ಡು ಯಾರಿಗೂ ಸುಮ್ನೆ ಬರಲ್ಲ. ಆದರೆ ‘ಲೋಕಲ್ ಅಂದ್ರೆ ಮಾಡಿದ್ದು ಯಾರು?’ ಅಂತ ಒಬ್ಬರೂ ಕೇಳಲ್ಲ. ನನಗೆ ಸಂಕಟ ಆಗೋದು ಅಲ್ಲೇ.

ಈಚೆಗೆ ಬಿ.ಬಿ. ರಸ್ತೆ ಹತ್ತಿರದ ಒಂದು ಗ್ಯಾರೇಜಿನಲ್ಲಿ, ಹೂವಿನ ಮಾರುಕಟ್ಟೆಗೆ ಓಡಾಡುವ ಪಿಕಪ್ ಒಂದರ ಮುಂದಿನ ಚಕ್ರ ಬಿಚ್ಚಿದ್ದರು. ಹಳೆ ಬ್ರೇಕ್ ಪ್ಯಾಡ್ ಕೈಗೆ ತಗೊಂಡು ನೋಡಿದೆ. ಪ್ಯಾಡ್ ಅಂದ್ರೆ ಹಿಂದೆ ಒಂದು ಉಕ್ಕಿನ ತಗಡು, ಅದರ ಮೇಲೆ ಅಂಟಿಸಿದ ಉಜ್ಜುವ ಪದರ. ಇದರಲ್ಲಿ ಆ ಪದರ ಇನ್ನೂ ಅರ್ಧ ಸವೆದಿರಲಿಲ್ಲ, ಆದರೆ ಒಂದು ಮೂಲೆಯಲ್ಲಿ ತಗಡು ಬಿಟ್ಟು ಮೇಲೆದ್ದಿತ್ತು. ಸಂದಿಯಲ್ಲಿ ತುಕ್ಕು. ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ಬೆನ್ನ ಮೇಲೆ ಹೆಸರಿಲ್ಲ, ಬ್ಯಾಚ್ ನಂಬರ್ ಇಲ್ಲ, ಏನೂ ಇಲ್ಲ. ಪ್ಯಾಡ್ ಒತ್ತಿ ಹಿಡಿಯುವ ಡಿಸ್ಕ್ ಮೇಲೆ ಬೆರಳು ಆಡಿಸಿದರೆ ಉದ್ದಕ್ಕೂ ಗೀರು. ಡ್ರೈವರ್ ಹೇಳಿದ್ದು ಇಷ್ಟೇ: ‘ಅರ್ಧ ರೇಟಿಗೆ ಸಿಕ್ತು ಅಂತ ಹಾಕಿಸಿದ್ದೆ ಸಾರ್.’ ಈಗ ಡಿಸ್ಕೂ ಹೊಸದು ಹಾಕಬೇಕು. ಅಷ್ಟಕ್ಕೇ ಮುಗಿಯಿತಲ್ಲ ಅಂತ ನಾನು ಒಳಗೊಳಗೇ ಸಮಾಧಾನಪಟ್ಟೆ. ಆ ಪದರ ಪೂರ್ತಿ ಕಳಚಿ ಬಿದ್ದಿದ್ದರೆ ಬರೀ ತಗಡು ಡಿಸ್ಕಿಗೆ ಉಜ್ಜಬೇಕಿತ್ತು. ಅದೂ ಬೆಳಗಿನ ಜಾವದ ಕತ್ತಲಲ್ಲಿ, ತುಂಬಿದ ಲೋಡಿನ ಜೊತೆ.

ಎಷ್ಟೋ ಒಳ್ಳೆ ಪ್ಯಾಡ್‌ಗಳ ಮೇಲೆ ಎರಡು ಇಂಗ್ಲಿಷ್ ಅಕ್ಷರ ಇರುತ್ತೆ. ‘ಎಫ್‌ಎಫ್’ ಅಂತಲೋ, ‘ಇಎಫ್’ ಅಂತಲೋ. ಮೊದಲನೇ ಅಕ್ಷರ ಸಾಮಾನ್ಯ ಬಿಸಿಯಲ್ಲಿ ಎಷ್ಟು ಹಿಡಿಯುತ್ತೆ ಅನ್ನೋದಕ್ಕೆ, ಎರಡನೇ ಅಕ್ಷರ ಚೆನ್ನಾಗಿ ಕಾದಾಗ ಎಷ್ಟು ಹಿಡಿಯುತ್ತೆ ಅನ್ನೋದಕ್ಕೆ. ಈ ಎರಡನೇ ಅಕ್ಷರ ನಮ್ಮ ಊರಿನವರಿಗೆ ತುಂಬಾ ಮುಖ್ಯ. ಯಾಕಂದ್ರೆ ನಮ್ಮ ಪಕ್ಕದಲ್ಲೇ ನಂದಿ ಬೆಟ್ಟ ಇದೆ.

ನಂದಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರ. ಊರಿನ ಮಟ್ಟಕ್ಕೆ ಬರೋ ಹೊತ್ತಿಗೆ ಕಾರು ಹೆಚ್ಚೂಕಮ್ಮಿ ಅರ್ಧ ಕಿಲೋಮೀಟರ್ ಕೆಳಕ್ಕೆ ಇಳಿದಿರುತ್ತೆ. ಅದೂ ತಿರುವಿನ ಮೇಲೆ ತಿರುವು. ಭಾನುವಾರ ಬೇರೆ, ಮುಂದೆ ಸಾಲು ಗಾಡಿ, ಕಾಲು ಬ್ರೇಕ್ ಬಿಟ್ಟು ಏಳಲ್ಲ. ಇಳಿಯುವಾಗಿನ ಶಕ್ತಿಯೆಲ್ಲ ಬಿಸಿಯಾಗಿ ಪ್ಯಾಡು, ಡಿಸ್ಕಿನಲ್ಲಿ ಸೇರುತ್ತೆ. ಪ್ಯಾಡಿನ ಪುಡಿಯನ್ನು ಹಿಡಿದಿಡೋದು ರೆಸಿನ್ ಅನ್ನೋ ಅಂಟು. ಕಳಪೆ ಅಂಟು ಬೇಗ ಸುಟ್ಟು ಗ್ಯಾಸ್ ಬಿಡುತ್ತೆ, ಪ್ಯಾಡಿನ ಮೈ ಗಾಜಿನ ಹಾಗೆ ನುಣ್ಣಗಾಗುತ್ತೆ. ಆಮೇಲೆ ಪೆಡಲ್ ಗಟ್ಟಿಯಾಗೇ ಇರುತ್ತೆ, ಎಷ್ಟು ಒತ್ತಿದರೂ ಗಾಡಿ ಮಾತ್ರ ನಿಲ್ಲಲ್ಲ. ಊರೊಳಗೆ ಶಿಡ್ಲಘಟ್ಟ ಸರ್ಕಲ್ ತನಕ ಓಡಿಸಿ ನೋಡಿ ‘ಚೆನ್ನಾಗಿ ಹಿಡೀತಿದೆ’ ಅಂದುಬಿಟ್ಟರೆ ಸಾಲದು. ಅಲ್ಲಿ ಎಲ್ಲ ಪ್ಯಾಡೂ ಹಿಡಿಯುತ್ತೆ. ದಯವಿಟ್ಟು ಸೆಕೆಂಡ್ ಗೇರಲ್ಲಿ ಇಳಿಯಿರಿ, ಇಂಜಿನ್ನೂ ಗಾಡಿಯನ್ನು ತಡೆಯಲಿ.

ಬ್ರೇಕ್ ಆಯಿಲ್ ಕಥೆಯೂ ಹೀಗೇ. ಡಾಟ್ 4 ಅನ್ನೋ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರದು. ಅದು ಗಾಳಿಯ ತೇವ ಹೀರುತ್ತೆ. ಹೀರಿದ ಹಾಗೆಲ್ಲ ಕುದಿಯುವ ಮಟ್ಟ ಇಳಿಯುತ್ತೆ. ಕುದ್ದರೆ ಬ್ರೇಕ್ ಹಿಡಿಯಲ್ಲ. ಮೂಲೆಯಲ್ಲಿ ಮುಚ್ಚಳ ತೆಗೆದಿಟ್ಟ ಬಾಟಲಿಯಿಂದ ಹಾಕಲು ಬಂದರೆ ಬೇಡ ಅನ್ನಿ. ಸೀಲ್ ಒಡೆಯದ ಬಾಟಲಿ ತರಿಸಿ.

ಏರ್ ಫಿಲ್ಟರ್‌ನಿಂದ ಯಾರ ಪ್ರಾಣವೂ ಹೋಗಲ್ಲ, ಆದರೆ ಜೇಬು ಖಾಲಿಯಾಗುತ್ತೆ. ಪೆರೇಸಂದ್ರದ ಕಡೆ ಕ್ರಷರ್ ರಸ್ತೆಗಳಲ್ಲಿ ಓಡಾಡುವವರಿಗೆ ಆ ದೂಳು ಗೊತ್ತು. ಗ್ರಾನೈಟ್ ದೂಳಿನ ಕಣ ಕಬ್ಬಿಣಕ್ಕಿಂತ ಗಟ್ಟಿ. ಅಗ್ಗದ ಫಿಲ್ಟರಿನ ಅಂಚಿನ ರಬ್ಬರ್ ಡಬ್ಬಕ್ಕೆ ಸರಿಯಾಗಿ ಕೂರಲ್ಲ. ಆ ಸಂದಿಯಿಂದ ದೂಳು ನೇರ ಸಿಲಿಂಡರಿಗೆ ಹೋಗುತ್ತೆ. ಪಿಸ್ಟನ್ ರಿಂಗ್, ಸಿಲಿಂಡರಿನ ಒಳಗೋಡೆ ಸವೆಯುತ್ತೆ, ಆಯಿಲ್ ಸುಡುತ್ತೆ, ನೀಲಿ ಹೊಗೆ ಶುರುವಾಗುತ್ತೆ. ಫಿಲ್ಟರಲ್ಲಿ ಉಳಿಸೋದು ನೂರಿನ್ನೂರು ರೂಪಾಯಿ, ಇಂಜಿನ್ ಬಿಚ್ಚಿದರೆ ಹತ್ತಾರು ಸಾವಿರ.

ಹಾಗಂತ ಶೋರೂಮ್ ಡಬ್ಬವೇ ಬೇಕು ಅಂತ ನಾನು ಹೇಳ್ತಿಲ್ಲ. ಕಾರು ಕಂಪನಿಗಳು ಪ್ಯಾಡು, ಕ್ಲಚ್ಚು, ಶಾಕ್ ಅಬ್ಸಾರ್ಬರ್ ಎಲ್ಲವನ್ನೂ ತಾವೇ ಮಾಡಲ್ಲ. ಬಾಷ್, ವೇಲಿಯೋ, ಗೇಬ್ರಿಯಲ್ ತರಹದವರು ಕಾರು ಫ್ಯಾಕ್ಟರಿಗೂ ಕೊಡುತ್ತಾರೆ, ತಮ್ಮದೇ ಡಬ್ಬದಲ್ಲಿ ಹೊರಗೂ ಮಾರುತ್ತಾರೆ. ಎಷ್ಟೋ ಸಲ ಅದು ಶೋರೂಮಿಗಿಂತ ಕಮ್ಮಿಗೆ ಸಿಗುತ್ತೆ. ಅದನ್ನು ಧಾರಾಳವಾಗಿ ಹಾಕಿಸಿ. ಸೀಟ್ ಕವರ್, ಮ್ಯಾಟ್, ಮಡ್ ಫ್ಲ್ಯಾಪ್ ಯಾವುದಾದರೂ ನಡೆಯುತ್ತೆ. ಗಾಡಿ ನಿಲ್ಲಿಸುವ ಮತ್ತು ತಿರುಗಿಸುವ ಭಾಗ ಬೇರೆ ಮಾತು. ಬ್ರೇಕು, ಬಾಲ್ ಜಾಯಿಂಟು, ಟೈ ರಾಡ್ ಎಂಡು, ವೀಲ್ ಬೇರಿಂಗು, ಟೈರು. ಇಲ್ಲಿ ಹೆಸರಿಲ್ಲದ ಮಾಲು ಮುಟ್ಟಲೇಬೇಡಿ.

ಹೆಸರಿದ್ದ ಡಬ್ಬದಲ್ಲೂ ನಕಲಿ ಬರುತ್ತೆ, ನಿಜ. ಹಳೆ ಡಬ್ಬಕ್ಕೆ ಬೇರೆ ಮಾಲು ತುಂಬಿ ಮಾರುವವರೂ ಇದ್ದಾರೆ. ಅದಕ್ಕೇ ಈಗ ಹಲವು ಕಂಪನಿಗಳು ಡಬ್ಬದ ಮೇಲೆ ಕ್ಯೂಆರ್ ಕೋಡ್ ಹಾಕುತ್ತವೆ. ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ. ಕೆಲಸ ಮುಗಿದ ಮೇಲೆ ಖಾಲಿ ಡಬ್ಬ ಹರಿದು ಬಿಸಾಕಿ. ಬಿಚ್ಚಿದ ಹಳೆ ಪಾರ್ಟ್ ಕೈಗೆ ಕೊಡಲು ಹೇಳಿ. ಒಳ್ಳೆ ಮೆಕ್ಯಾನಿಕ್ ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳಲ್ಲ. ನಿಜ ಹೇಳಬೇಕಂದ್ರೆ ಎಲ್ಲದಕ್ಕೂ ಮೆಕ್ಯಾನಿಕ್‌ನನ್ನೇ ಬೈಯೋದು ನನಗೆ ಹಿಡಿಸಲ್ಲ. ‘ಕಮ್ಮಿದು ಹಾಕಪ್ಪ, ಓಡಿದ್ರೆ ಸಾಕು’ ಅಂತ ಹೇಳುವವರು ನಾವೇ ಅಲ್ವಾ?

ಇನ್ನು ಬಿಲ್ಲು. ‘ಬಿಲ್ ಬೇಕಂದ್ರೆ ರೇಟು ಬೇರೆ’ ಅನ್ನೋ ಮಾತು ಎಲ್ಲರೂ ಕೇಳಿದ್ದೀವಿ. ಮೊದಲು ಹೆಚ್ಚಿನ ಬಿಡಿಭಾಗಗಳಿಗೆ 28 ಪರ್ಸೆಂಟ್ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿದಿದೆ. ಬಿಲ್ ಬಿಡೋದರಿಂದ ಸಿಗುವ ಲಾಭ ಅಷ್ಟು ಕಮ್ಮಿಯಾಯಿತು, ಬಿಟ್ಟರೆ ಆಗುವ ನಷ್ಟ ಮಾತ್ರ ಹಾಗೇ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಒಂದು ಒಳ್ಳೆ ಅಂಶ ಇದೆ. ದೋಷ ಇರುವ ವಸ್ತುವಿನಿಂದ ಹಾನಿಯಾಗಿ, ಅದನ್ನು ಮಾಡಿದವರು ಯಾರು ಅಂತಲೇ ಗೊತ್ತಾಗದಿದ್ದರೆ, ಮಾರಿದವರ ಮೇಲೇ ಪರಿಹಾರ ಕೇಳಬಹುದು. ಅಂಗಡಿಯವರಿಗೂ ಈ ವಿಷಯ ಗೊತ್ತಿರಲಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಬಿಲ್ಲಿನಲ್ಲಿ ಬರೀ ‘ಬ್ರೇಕ್ ಪ್ಯಾಡ್ 1 ಸೆಟ್’ ಅಂತಿದ್ದರೆ ಒಪ್ಪಬೇಡಿ. ತಯಾರಿಸಿದವರ ಹೆಸರು, ಪಾರ್ಟ್ ನಂಬರ್ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ.