ಕಾಶಿಯಲ್ಲಿ ದಾನದ ದುಡ್ಡು ಯಾರ ಕೈಗೆ ಕೊಡಬೇಕು?

ನಮ್ಮ ಕಡೆಯಿಂದ ಕಾಶಿಗೆ ಹೋಗುವವರು ಈಗ ತುಂಬಾ ಜಾಸ್ತಿ ಆಗಿದ್ದಾರೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ರೈಲು ಶುರುವಾಯಿತು. ಅದಕ್ಕೆ ನಮ್ಮ ಸರ್ಕಾರದ ಸಹಾಯಧನವೂ ಸೇರಿತು. ಜೀವಮಾನಕ್ಕೊಮ್ಮೆ ಆದರೆ ಪುಣ್ಯ ಅಂದುಕೊಂಡಿದ್ದವರೆಲ್ಲ ಹೋಗಿ ಬರುತ್ತಿದ್ದಾರೆ. ನಿಜಕ್ಕೂ ಸಂತೋಷದ ವಿಷಯ. ಹೋಗುವವರೆಲ್ಲ ದಾನಕ್ಕೆ ಅಂತ ಒಂದಿಷ್ಟು ದುಡ್ಡು ಬೇರೆಯೇ ತೆಗೆದಿಟ್ಟುಕೊಂಡಿರುತ್ತಾರೆ. ತೀರಿಹೋದ ಅಪ್ಪನ ಹೆಸರಲ್ಲಿ, ಮೊಮ್ಮಗುವಿನ ಹರಕೆಗೆ, ಅಜ್ಜಿಯ ಕೊನೆಯ ಆಸೆಗೆ. ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋಗುವ ದುಡ್ಡು ಅದು. ಅದು ಸರಿಯಾದ ಜಾಗ ಸೇರಬೇಕು ಅನ್ನೋದು ನನ್ನ ಕಾಳಜಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಘಾಟ್ ಮೇಲೆ ನಿಂತು ದೊಡ್ಡ ಮೊತ್ತ ಯಾರಿಗೂ ಕೊಡಬೇಡಿ. ದರ್ಶನ ಮಾಡಿ, ಗಂಗಾಸ್ನಾನ ಮಾಡಿ, ಊರಿಗೆ ಬನ್ನಿ. ನಿಧಾನವಾಗಿ ವಿಚಾರಿಸಿ, ಆಮೇಲೆ ಕಳಿಸಿ. ಪುಣ್ಯ ಎಲ್ಲೂ ಓಡಿ ಹೋಗುವುದಿಲ್ಲ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಮಣಿಕರ್ಣಿಕಾ ಘಾಟ್‌ನಲ್ಲಿ ಒಮ್ಮೆ ನಿಂತು ನೋಡಿ. ಗೋಡೆಗೆ ಆನಿಸಿ ಆಳೆತ್ತರಕ್ಕೂ ಮೇಲೆ ಸೌದೆ ಪೇರಿಸಿರುತ್ತಾರೆ. ಅಲ್ಲೇ ದೊಡ್ಡ ತಕ್ಕಡಿ. ಹೊಗೆಗೆ ಕಣ್ಣು ಉರಿಯುತ್ತದೆ. ಒಂದರ ಹಿಂದೆ ಒಂದು ಚಟ್ಟ ಇಳಿದು ಬರುತ್ತಲೇ ಇರುತ್ತದೆ. ಎಂಥವರ ಮನಸ್ಸೂ ಆ ಹೊತ್ತಿನಲ್ಲಿ ಮೆತ್ತಗಾಗುತ್ತದೆ. ಆಗ ಒಬ್ಬ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಮೊದಲು ದುಡ್ಡಿನ ಮಾತೇ ಎತ್ತುವುದಿಲ್ಲ. ಯಾವ ಚಿತೆ ಯಾರದ್ದು, ಎಷ್ಟು ಸೌದೆ ಬೇಕು, ಗಂಧದ ಮರಕ್ಕೆ ಎಷ್ಟು ಬೆಲೆ, ಎಲ್ಲ ವಿವರಿಸುತ್ತಾನೆ. ಆಮೇಲೆ ಮೇಲಿರುವ ಹಳೇ ಕಟ್ಟಡವೊಂದನ್ನು ತೋರಿಸಿ, ಅಲ್ಲಿ ದಿಕ್ಕಿಲ್ಲದ ಮುದುಕರು ಸಾವಿಗೆ ಕಾಯುತ್ತಿದ್ದಾರೆ, ಅವರ ಸೌದೆಗೆ ನಿಮ್ಮ ಕೈಲಾದಷ್ಟು ಕೊಡಿ ಅನ್ನುತ್ತಾನೆ. ಐನೂರು ಕೊಟ್ಟರೆ ಮುಖ ಗಂಟಿಕ್ಕುತ್ತಾನೆ. ಇಷ್ಟು ಕಿಲೋ ಅಂತ ಲೆಕ್ಕ ಹಾಕಿ ಸಾವಿರಗಳಲ್ಲಿ ಕೇಳುತ್ತಾನೆ. ರಸೀದಿ ಇಲ್ಲ, ಸಂಸ್ಥೆಯ ಹೆಸರಿಲ್ಲ, ನಾಳೆ ಹೋದರೆ ಅವನೂ ಇರುವುದಿಲ್ಲ.

ಬಿಸಿಲು, ಬೆಂಕಿ ಎರಡರಲ್ಲೂ ಬೆಂದು ಚಿತೆ ನೋಡಿಕೊಳ್ಳುವ ಡೋಮ್ ಜನರ ಮಾತಲ್ಲ ಇದು. ಅವರು ಕಷ್ಟಪಟ್ಟು ದುಡಿಯುವವರು. ಅವರ ಹೆಸರು ಹೇಳಿಕೊಂಡು ಯಾತ್ರಿಕರನ್ನು ಹಿಡಿಯುವವರು ಬೇರೆಯೇ ಇದ್ದಾರೆ.

ಎರಡು ವಿಷಯ ಗೊತ್ತಿದ್ದರೆ ಈ ಮಾತಿಗೆ ಯಾರೂ ಮರುಳಾಗುವುದಿಲ್ಲ. ಕೊನೆಗಾಲಕ್ಕೆ ಕಾಶಿಗೆ ಬಂದವರನ್ನು ಇರಿಸಿಕೊಳ್ಳುವ ಹೆಸರಾಂತ ಜಾಗ ಮುಕ್ತಿ ಭವನ. ಅದು ಘಾಟ್ ಮೇಲಿಲ್ಲ, ಊರೊಳಗೆ ಗಿರ್ಜಾಘರ್ ಚೌಕದ ಹತ್ತಿರ ಇದೆ. ದಾಲ್ಮಿಯಾ ಕುಟುಂಬದ ಟ್ರಸ್ಟ್ ಅದನ್ನು ನಡೆಸುತ್ತದೆ. ಇನ್ನೊಂದು, ಸೌದೆಗೆ ದುಡ್ಡಿಲ್ಲದಿದ್ದರೆ ಹೆಣ ಹಾಗೇ ಉಳಿಯುತ್ತದೆ ಅನ್ನುವ ಮಾತನ್ನು ನಂಬಬೇಡಿ. ನಮ್ಮ ಕರ್ನಾಟಕ ಘಾಟ್ ಪಕ್ಕದಲ್ಲೇ ಇರುವ ಹರಿಶ್ಚಂದ್ರ ಘಾಟ್‌ನಲ್ಲಿ ಸೌದೆ ಬೇಡದ ಚಿತಾಗಾರವೂ ಇದೆ.

ಗಲ್ಲಿಗಳಲ್ಲಿ ಮಗು ಎತ್ತಿಕೊಂಡು ಬಂದು, ದುಡ್ಡು ಬೇಡ, ಹಾಲಿನ ಪುಡಿ ಡಬ್ಬಿ ಕೊಡಿಸಿ ಅನ್ನುವವರೂ ಸಿಗುತ್ತಾರೆ. ಕೊಡಿಸಿದ ಡಬ್ಬಿ ಎಷ್ಟೋ ಸಲ ಅದೇ ಅಂಗಡಿಗೆ ವಾಪಸ್ ಹೋಗುತ್ತದೆ. ಆ ತಾಯಿ ಬಡವಳು ಅನ್ನೋದು ನಿಜ, ಆದರೆ ಲಾಭ ಅಂಗಡಿಯವನಿಗೂ ಹೋಗುತ್ತದೆ. ಅವಳ ಮುಂದೆಯೇ ಒಂದು ತಟ್ಟೆ ಪೂರಿ ಪಲ್ಯ ಕೊಡಿಸಿ. ತಿನ್ನುವುದನ್ನು ನೋಡಿ ಹೊರಡಿ.

ಹಾಗಾದರೆ ಎಲ್ಲಿ ಕೊಡಬೇಕು ಅಂತ ಕೇಳುತ್ತೀರಿ. ನಾನು ಯಾವಾಗಲೂ ಮೊದಲು ಹೇಳುವ ಹೆಸರು ಲಕ್ಸಾದಲ್ಲಿರುವ ರಾಮಕೃಷ್ಣ ಮಿಷನ್ ಸೇವಾಶ್ರಮ. ಅದು ಶುರುವಾದ ರೀತಿ ನೆನೆದರೇ ಮೈ ಜುಮ್ಮೆನ್ನುತ್ತದೆ. 1900ನೇ ಇಸವಿ. ವಿವೇಕಾನಂದರ ಮಾತುಗಳಿಂದ ಎಚ್ಚೆತ್ತಿದ್ದ ಕಾಶಿಯ ಕೆಲವು ಯುವಕರು. ಅವರಲ್ಲೊಬ್ಬನ ಕಣ್ಣಿಗೆ ಬೀದಿ ಬದಿ ಬಿದ್ದಿದ್ದ ಮುದುಕಿಯೊಬ್ಬಳು ಕಂಡಳು. ಅವಳೂ ನಮ್ಮ ಹಾಗೆ ಯಾತ್ರೆಗೆ ಬಂದವಳೇ. ಹುಡುಗನ ಹತ್ತಿರ ಕಾಸಿರಲಿಲ್ಲ. ದಾರಿಯಲ್ಲಿ ಹೋಗುವವರನ್ನು ಬೇಡಿ ನಾಲ್ಕಾಣೆ ತಂದು ಅವಳಿಗೆ ಹಾಲು ಕುಡಿಸಿದ. ಅಲ್ಲಿಂದ ಬೆಳೆದದ್ದು ಇವತ್ತಿನ ದೊಡ್ಡ ಆಸ್ಪತ್ರೆ. ಜೊತೆಗೆ ವೃದ್ಧರಿಗೆ ಆಶ್ರಯ. 1912ರಲ್ಲಿ ರಾಮಕೃಷ್ಣ ಪರಮಹಂಸರ ಪತ್ನಿ ಶಾರದಾದೇವಿಯವರು ಅಲ್ಲಿಗೆ ಬಂದು ಎಲ್ಲ ನೋಡಿ ಹತ್ತು ರೂಪಾಯಿ ನೋಟು ಕಾಣಿಕೆ ಕೊಟ್ಟರು. ಆ ನೋಟನ್ನು ಆಶ್ರಮದವರು ಖರ್ಚು ಮಾಡದೆ ಕಾಪಾಡಿಕೊಂಡು ಬಂದಿದ್ದಾರೆ. ನೂರು ವರ್ಷಕ್ಕೂ ಮೀರಿ ರೋಗಿಗಳನ್ನು ನೋಡಿಕೊಳ್ಳುತ್ತಿರುವ ಜಾಗಕ್ಕೆ ಕೊಡಲು ನನಗೆ ಯಾವ ಅನುಮಾನವೂ ಇಲ್ಲ.

ಗಂಗೆಯ ಬಗ್ಗೆ ಕಾಳಜಿ ಇರುವವರು ಸಂಕಟ ಮೋಚನ್ ಫೌಂಡೇಶನ್ ಬಗ್ಗೆ ಓದಿ. 1982ರಲ್ಲಿ ಅದನ್ನು ಕಟ್ಟಿದವರು ಸಂಕಟ ಮೋಚನ ದೇವಸ್ಥಾನದ ಮಹಂತರಾಗಿದ್ದ ವೀರಭದ್ರ ಮಿಶ್ರಾ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪ್ರೊಫೆಸರ್ ಕೂಡ ಆಗಿದ್ದರು. ಬೆಳಗ್ಗೆ ಗಂಗೆಯಲ್ಲಿ ಮುಳುಗುವವರೂ ಅವರೇ, ಅದೇ ನೀರನ್ನು ತುಳಸಿ ಘಾಟ್‌ನ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಹಾಕಿಸಿ ಎಷ್ಟು ಕೆಟ್ಟಿದೆ ಅಂತ ಧೈರ್ಯವಾಗಿ ಹೇಳುವವರೂ ಅವರೇ. 2013ರಲ್ಲಿ ತೀರಿಕೊಂಡರು. ಭಕ್ತಿ ಇದ್ದರೆ ಲೆಕ್ಕ ಕೇಳಬಾರದು ಅನ್ನುವವರಿಗೆ ಅವರ ಬದುಕನ್ನು ತೋರಿಸಬೇಕು ಅನಿಸುತ್ತದೆ.

ದೊಡ್ಡ ಹೆಸರುಗಳ ಮಾತಾಯಿತು. ಕಷ್ಟ ಇರುವುದು ಸಣ್ಣ ಸಂಸ್ಥೆಗಳಲ್ಲಿ. ಗಲ್ಲಿಯೊಳಗೆ ಪಾಠಶಾಲೆ, ನೇಕಾರರ ಮಕ್ಕಳಿಗೆ ಟ್ಯೂಷನ್, ನಾಯಿ ದನಗಳಿಗೆ ಚಿಕಿತ್ಸೆ, ಹೀಗೆ ಎಷ್ಟೋ ಜನ ಒಳ್ಳೆ ಕೆಲಸ ಮಾಡುತ್ತಿರುತ್ತಾರೆ. ಅವರನ್ನು ಬಿಡಬಾರದು. ಆದರೆ ಕೇಳಬೇಕಾದ್ದನ್ನು ಕೇಳಲೇಬೇಕು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಟ್ರಸ್ಟ್ ಹೆಸರು ಬರುತ್ತದೋ, ಯಾವುದೋ ವ್ಯಕ್ತಿಯ ಹೆಸರು ಬರುತ್ತದೋ ನೋಡಿ. ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ಟ್ರಸ್ಟಿಗಳು ಯಾರು ಅಂತ ಕೇಳಿ. ಗಂಡ, ಹೆಂಡತಿ, ಬಾಮೈದ ಅಷ್ಟೇ ಇದ್ದರೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ. ಹೋದ ವರ್ಷದ ಆಡಿಟ್ ಆದ ಲೆಕ್ಕ ಕಳಿಸಿ ಅನ್ನಿ. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರಿದೆ ಅಂತ ಸಂಖ್ಯೆ ತೋರಿಸುತ್ತಾರೆ. ಇರಬೇಕಾದ್ದೇ, ಆದರೆ ಅದು ನೋಂದಣಿ ಮಾತ್ರ. ಕೆಲಸ ಚೆನ್ನಾಗಿದೆ ಅಂತ ಸರ್ಕಾರ ಕೊಟ್ಟ ಸರ್ಟಿಫಿಕೇಟ್ ಅಲ್ಲ.

ನನಗೆ ಇದೆಲ್ಲದಕ್ಕಿಂತ ಜಾಸ್ತಿ ನಂಬಿಕೆ ಇರುವುದು ಬೀದಿಯವರ ಮಾತಿನ ಮೇಲೆ. ಸಂಸ್ಥೆಯ ಎದುರಿನ ಚಹಾ ಅಂಗಡಿ, ಪಕ್ಕದ ಮೆಡಿಕಲ್ ಶಾಪ್. ಅಲ್ಲಿ ಎಷ್ಟು ಜನ ಇದ್ದಾರೆ, ಔಷಧಿ ತಗೊಂಡು ಹೋಗುತ್ತಾರಾ, ಬಾಕಿ ಸರಿಯಾಗಿ ಕೊಡುತ್ತಾರಾ, ಎಲ್ಲ ಅವರಿಗೆ ಗೊತ್ತಿರುತ್ತದೆ. ಹಿಂದಿ ಬರಲ್ಲ ಅನ್ನುವವರು ಜಂಗಮವಾಡಿ ಮಠಕ್ಕೆ ಹೋಗಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಅನಾಥ ಮಕ್ಕಳನ್ನು ಇಟ್ಟುಕೊಂಡಿರುವ ಯಾವ ಸಂಸ್ಥೆಯೇ ಆಗಲಿ, 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ಯಾತ್ರಿಕರು ಬಂದ ಕೂಡಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡು ಹಾಡಿಸುವ ಜಾಗ, ಯಾರು ಬಂದರೂ ಒಳಗೆ ಬಿಟ್ಟು ಫೋಟೊ ತೆಗೆಯಲು ಬಿಡುವ ಜಾಗ, ಇಂಥ ಕಡೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮಕ್ಕಳನ್ನು ಜೋಪಾನ ಮಾಡುವವರು ಗೇಟಿನಲ್ಲೇ ನಿಮ್ಮನ್ನು ತಡೆದು, ಯಾರು ನೀವು, ಯಾಕೆ ಬಂದಿರಿ ಅಂತ ಕೇಳುತ್ತಾರೆ. ಹಾಗೆ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ಖುಷಿಪಡಿ. ಏನಾದರೂ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ನಮ್ಮವರ ಒಂದು ಅಭ್ಯಾಸದ ಬಗ್ಗೆಯೂ ಹೇಳಬೇಕು. ಅನ್ನದಾನಕ್ಕೆ ಅಂದರೆ ಎಲ್ಲರೂ ಕೊಡುತ್ತಾರೆ. ಅನ್ನಪೂರ್ಣೆಯ ಊರು, ಅದು ಸಹಜ. ಆದರೆ ಮುದುಕರ ಆಶ್ರಮದಲ್ಲಿ ರಾತ್ರಿಪಾಳಿಯ ಆಯಾಗೆ ಸಂಬಳ ಬೇಕು ಅಂದರೆ ಮುಖ ತಿರುಗಿಸುತ್ತಾರೆ. ನಮ್ಮ ದುಡ್ಡು ಸಂಬಳಕ್ಕೆ ಹೋಗಬಾರದು ಅನ್ನುತ್ತಾರೆ. ಯಾಕೆ ಹೋಗಬಾರದು? ಹಾಸಿಗೆ ಹಿಡಿದವರ ಮೈ ಒರೆಸಿ, ಮಗ್ಗುಲು ಬದಲಿಸಿ, ಹುಣ್ಣಾಗದ ಹಾಗೆ ನೋಡಿಕೊಳ್ಳುವುದು ಮನುಷ್ಯರ ಕೈಯಲ್ಲೇ ಆಗಬೇಕಾದ ಕೆಲಸ. ಹಬ್ಬದ ದಿನ ಹತ್ತು ಜನ ಸಿಹಿ ಊಟ ಹಾಕಿಸುತ್ತಾರೆ. ಡೈಪರ್, ಬ್ಯಾಂಡೇಜ್, ಕರೆಂಟ್ ಬಿಲ್‌ಗೆ ಯಾರೂ ಇರುವುದಿಲ್ಲ. ನಿಮಗೆ ಯಾವುದು ಬೇಡ ಅಂತ ಸಂಸ್ಥೆಯವರನ್ನು ಕೇಳಿ ನೋಡಿ. ಕಂಬಳಿ ಸಾಕಾಗಿದೆ, ಅಕ್ಕಿ ಇದೆ, ಫಿನಾಯಿಲ್‌ಗೆ ಕೊಡಿ ಅಂತ ಹೇಳುವವರನ್ನು ಕಣ್ಣುಮುಚ್ಚಿ ನಂಬಬಹುದು.

ಇನ್ನು ಕಾಗದಪತ್ರ. 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ 80ಜಿ ಅಂತ ಜನ ಕರೆಯುವ ದಾನದ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ವಿನಾಯಿತಿಯೇ ಇಲ್ಲ. ಆದರೂ ಬ್ಯಾಂಕ್ ಮೂಲಕವೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಮೆರಿಕ, ಬ್ರಿಟನ್‌ನಲ್ಲಿರುವ ನಮ್ಮ ಹುಡುಗರು ಇಲ್ಲಿಗೆ ದುಡ್ಡು ಕಳಿಸುವಾಗ ಇನ್ನೊಂದು ನೋಡಬೇಕು. ಭಾರತದ ಪಾಸ್‌ಪೋರ್ಟ್ ಇದ್ದರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ ಸಂಸ್ಥೆಗೆ ವಿದೇಶಿ ದೇಣಿಗೆ ಪಡೆಯುವ ಎಫ್‌ಸಿಆರ್‌ಎ ಅನುಮತಿ ಇರಬೇಕು, ದುಡ್ಡು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿರುವ ಅವರ ಖಾತೆಗೇ ಹೋಗಬೇಕು. ಪರವಾಗಿಲ್ಲ, ನಮ್ಮ ಹುಡುಗನ ಖಾತೆಗೆ ಹಾಕಿಬಿಡಿ ಅನ್ನುವ ಸಂಸ್ಥೆಯನ್ನು ದೂರ ಇಡಿ.

ಸಾಧ್ಯವಾದರೆ ಒಂದೇ ಸಲ ದೊಡ್ಡ ಮೊತ್ತ ಕೊಡುವ ಬದಲು ತಿಂಗಳಿಗೆ 500 ಅಂತ ಕಟ್ಟಿ. ಆಯಾಗೆ ಸಂಬಳ ಕೊಡುವ ದಿನ ತಿಂಗಳು ತಿಂಗಳು ಬರುತ್ತದೆ. ಮಾರ್ಚ್‌ಗೆ ಹಣಕಾಸು ವರ್ಷ ಮುಗಿದ ಮೇಲೆ, ಆ ತೆರಿಗೆ ವಿನಾಯಿತಿಗೆ ನೋಂದಣಿ ಆಗಿರುವ ಸಂಸ್ಥೆ ಮೇ 31ರೊಳಗೆ ನಿಮಗೆ ದಾನದ ಸರ್ಟಿಫಿಕೇಟ್ ಕೊಡಬೇಕು. ಬರದಿದ್ದರೆ ಜೂನ್‌ನಲ್ಲಿ ಒಂದು ಫೋನ್ ಮಾಡಿ ಕೇಳಿ, ಜೊತೆಗೆ ಆಶ್ರಮದ ಮುದುಕಮ್ಮಂದಿರು ಹೇಗಿದ್ದಾರೆ ಅಂತಲೂ ವಿಚಾರಿಸಿ.